ಕೊಕ್ಕು ತೆರೆದರೆ ಸಾಕು

ಮಲೆನಾಡಿನ ಕಾಡಿಗೆ ಹಕ್ಕಿ ನೋಡಲು ಹೋದವರು ದಿನದ ಮುಕ್ಕಾಲು ಪಾಲು ನೋಡುವುದು ಎಲೆಗಳನ್ನು. ಒಂದು ಎಲೆ ಅಲುಗಿದರೆ ಗುಂಪಿನವರೆಲ್ಲ ಒಟ್ಟಿಗೆ ದುರ್ಬೀನು ಎತ್ತುತ್ತಾರೆ. ಅದು ಬರೀ ಗಾಳಿ ಎಂದು ಖಾತ್ರಿಯಾದ ಮೇಲೆ ಒಟ್ಟಿಗೇ ಇಳಿಸುತ್ತಾರೆ. ಬಯಲುಸೀಮೆಯ ಕೆರೆಯ ದಂಡೆಯಲ್ಲಾದರೆ ಇದು ಸುಖದ ಕೆಲಸ. ಕೊಕ್ಕರೆ ನಿಂತಲ್ಲೇ ನಿಂತಿರುತ್ತದೆ, ನಾವು ಟೀ ಕುಡಿದು ಬಂದರೂ ನಿಂತಿರುತ್ತದೆ. ಬೆಟ್ಟದ ಕಾಡಿನಲ್ಲಿ ಹಕ್ಕಿ ಮೊದಲು ಕಿವಿಗೆ ಬೀಳಬೇಕು. ಕಿವಿ ತೋರಿಸಿದ ಕಡೆಗೆ ಕಣ್ಣು ಹೋಗಬೇಕು. ಕಣ್ಣು ಹೋಗುವಷ್ಟರಲ್ಲಿ ಹಕ್ಕಿ ಹೋಗಿರಬೇಕು. ಅದು ಅಲ್ಲಿನ ಕ್ರಮ.

ಈ ಕ್ರಮದ ಮೊದಲ ಮೆಟ್ಟಿಲೇ ನನ್ನ ಪಾಲಿಗೆ ಈಚೆಗೆ ಸವೆದಿದೆ. ಕಿವಿಯ ಡಾಕ್ಟರು ಸದ್ದು ನುಸುಳದ ಗೂಡಿನಲ್ಲಿ ಕೂರಿಸಿ, 250 ಹರ್ಟ್ಸ್‌ನಿಂದ 8,000 ಹರ್ಟ್ಸ್‌ವರೆಗೆ ಥರಾವರಿ ಕುಂಯ್ಗುಟ್ಟಿಸಿ, ಒಂದು ನಕ್ಷೆ ಬರೆದುಕೊಟ್ಟರು. ಎಡಗಡೆ ಸಮತಟ್ಟಾಗಿದ್ದ ಗೆರೆ ಬಲಕ್ಕೆ, ಕೀಚಲು ದನಿಗಳ ಕಡೆಗೆ, ಹೋದಂತೆ ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿಗೆ ಇಳಿಯುವ ರಸ್ತೆಯ ಹಾಗೆ ಇಳಿದುಬಿಟ್ಟಿತ್ತು. "ವಯಸ್ಸಿಗೆ ತಕ್ಕ ಹಾಗೇ ಇದೆ. ಮಾತು ಕೇಳಿಸುತ್ತಲ್ಲ?" ಅಂದರು. ಕೇಳಿಸುತ್ತದೆ. ಮಾತಿಗೇನು ಬರ? ನನಗೆ ಬೇಕಾಗಿದ್ದದ್ದು ಬದನಿಕೆ ಹಕ್ಕಿ. ಹಾಗಂತ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಬೇರೆ ವಿಭಾಗಕ್ಕೆ ಚೀಟಿ ಬರೆಯುತ್ತಿದ್ದರು.

ಆ ನಕ್ಷೆಯನ್ನು ಮನೆಯಲ್ಲೇ ಬಿಟ್ಟು ಅಕ್ಟೋಬರಿನಲ್ಲಿ ಕೆಮ್ಮಣ್ಣುಗುಂಡಿಗೆ ಹೋದೆ, ಹಕ್ಕಿ ನೋಡುವ ಗುಂಪೊಂದರ ಜೊತೆ. 1,434 ಮೀಟರ್ ಎತ್ತರದ ಬೆಟ್ಟ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬರುತ್ತಿದ್ದ ಜಾಗ. ಹೆಸರಿನಲ್ಲೇ ಇರುವ ಕೆಂಪುಮಣ್ಣಿನ ಅದಿರನ್ನು ಅಗೆದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಾಗಿಸಿದ ಜಾಗವೂ ಹೌದು. ಈಗ ಗುಲಾಬಿ ತೋಟದ ಮುಂದೆ ಫೋಟೊ ತೆಗೆಸಿಕೊಂಡು, ಝೆಡ್ ಪಾಯಿಂಟ್ ನೋಡಿ, ಹೆಬ್ಬೆ ಜಲಪಾತಕ್ಕೆ ಜೀಪು ಹತ್ತುವವರೇ ಹೆಚ್ಚು. ಹುಲ್ಲುಬೆಟ್ಟಗಳ ಮಡಿಲಲ್ಲಿ ಅಡಗಿರುವ ಶೋಲಾ ಕಾಡಿನೊಳಗೆ ಅವರು ಬರುವುದಿಲ್ಲ. ಅಲ್ಲಿಗೆ ಬರುವವರು ನಾವು, ಮತ್ತು ನಮಗಾಗಿ ಕಾದಿರುವ ಇಂಬಳಗಳು. ಒಬ್ಬರು ಉಪ್ಪಿನ ಗಂಟು, ಒಬ್ಬರು ಹೊಗೆಸೊಪ್ಪಿನ ನೀರು, ಮತ್ತೊಬ್ಬರು ಮಂಡಿಯವರೆಗಿನ ವಿದೇಶಿ ಕಾಲುಚೀಲ ತಂದಿದ್ದರು. ಇಂಬಳಗಳು ಮೂವರಲ್ಲೂ ಭೇದ ಎಣಿಸಲಿಲ್ಲ.

ಬೆಳಕು ಹರಿಯುವ ಮೊದಲೇ ಝರಿಯ ಬದಿಯಿಂದ ಮಲಬಾರ್ ಸಿಳ್ಳಾರ ಶುರು ಮಾಡಿತು. ಗುರಿಯಿಲ್ಲದೆ ಅಲೆಯುವ ಅದರ ಸಿಳ್ಳೆ ಮನುಷ್ಯನ ಸಿಳ್ಳೆಯಷ್ಟೇ ಮಟ್ಟದ್ದು. ಸಿಳ್ಳೆ ಹೊಡೆಯುವ ಶಾಲಾ ಹುಡುಗ ಎಂದು ಹಕ್ಕಿಪ್ರಿಯರು ಅದನ್ನು ಕರೆಯುವುದು ಸುಮ್ಮನೆ ಅಲ್ಲ. ಅದು ನನಗೆ ಪೂರ್ತಿ ಕೇಳಿಸಿತು. ಕುಟ್ರ ಹಕ್ಕಿಯ ಕುಟ್ರೂ ಕುಟ್ರೂ ಕೇಳಿಸಿತು. ಅದು ಸತ್ತವರಿಗೂ ಕೇಳಿಸುತ್ತದೆ. ಕಣಿವೆಯಾಚೆ ಬೆಟ್ಟದ ದೊಡ್ಡ ಪಾರಿವಾಳದ ಹೂಂಕಾರವೂ ಕೇಳಿಸಿತು. ಕಾಡಿನಲ್ಲಿ ಮುಪ್ಪು ಬರುವುದಕ್ಕೊಂದು ವರಸೆಯಿದೆ. ಬೆಳ್ಗಣ್ಣ, ಸೂರಕ್ಕಿ, ಬದನಿಕೆ ಹಕ್ಕಿ, ಹೀಗೆ ಸಣ್ಣವು ಮೊದಲು ಹೋಗುತ್ತವೆ. ದಪ್ಪ ದನಿಯ ಹಿರಿಯರು ಕೊನೆಯವರೆಗೂ ಉಳಿಯುತ್ತಾರೆ. ಮನೆಗಳಲ್ಲಿ ಇದು ತಿರುವುಮುರುವು.

ಹೊತ್ತು ಏರಿದ ಮೇಲೆ ಹಕ್ಕಿಗಳ ಬೇಟೆಯ ಹಿಂಡು ಬಂತು. ಅರ್ಧ ತಾಸು ಒಂದು ನರಪಿಳ್ಳೆಯೂ ಇಲ್ಲದ ಮರಗಳಲ್ಲಿ ಒಮ್ಮೆಲೆ ಜಾತ್ರೆ. ಬೆಂಕಿ ಬಣ್ಣದ ಗಂಡು ಚಿತ್ರಪಕ್ಷಿ, ಹಳದಿಯ ಹೆಣ್ಣು, ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುವ ನೀಲಿ ನಟ್‌ಹ್ಯಾಚ್, ಮರಕುಟಿಗ, ಪೊದೆಯೊಳಗೆ ಹರಟೆಮಲ್ಲಗಳು. ಬೇರೆ ಬೇರೆ ಜಾತಿಯವು ಹೀಗೆ ಒಟ್ಟಾಗಿ ಹೋಗುವುದು ಸ್ನೇಹಕ್ಕಲ್ಲ. ಒಬ್ಬ ಎಬ್ಬಿಸಿದ ಹುಳು ಇನ್ನೊಬ್ಬನ ಬಾಯಿಗೆ ಬೀಳುತ್ತದೆ. ಗಿಡುಗ ಬಂದರೆ ನೋಡಲು ಹೆಚ್ಚು ಕಣ್ಣುಗಳಿರುತ್ತವೆ. ಹಿಂಡಿನ ಕಾವಲು ಭೀಮರಾಜನದು. ಬಾಲದ ಎರಡು ಗರಿಗಳನ್ನು ಉದ್ದಕ್ಕೆ ಇಳಿಬಿಟ್ಟುಕೊಂಡು ಕಾಯುತ್ತಾನೆ, ಸಂಬಳವನ್ನು ಆಗಾಗ ಇತರರ ಬಾಯಿಂದಲೇ ಕಿತ್ತುಕೊಳ್ಳುತ್ತಾನೆ. ಮೇಲಾಗಿ ಮಹಾ ಅನುಕರಣೆಗಾರ. ಜೊತೆಗಾರರ ದನಿಗಳನ್ನು ಇವನು ಅಣಕಿಸಿದರೆ ಹಿಂಡು ಇನ್ನಷ್ಟು ಕೂಡಿಬರುತ್ತದೆ ಎಂದು ಶ್ರೀಲಂಕಾದ ಕಾಡುಗಳಲ್ಲಿ ಅಧ್ಯಯನ ಮಾಡಿದವರು ತೋರಿಸಿದ್ದಾರೆ.

ಗುಂಪಿನಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳಿದ್ದಳು. ಅವಳ ಕಿವಿ ಕಂಡು ನನಗೆ ಹೊಟ್ಟೆಯುರಿಯಿತು. ಮೊಬೈಲಿನಲ್ಲಿ ದನಿ ಕೇಳಿ ಹೆಸರು ಹೇಳುವ ಆ್ಯಪ್ ಹಿಡಿದ ಮಹನೀಯರು "ಸರ್ಪ ಗಿಡುಗ!" ಎಂದು ಆಕಾಶ ತೋರಿಸಿದರು. ಎಲ್ಲರೂ ಆಕಾಶ ನೋಡಿದೆವು. "ಅದು ಭೀಮರಾಜ ಸರ್," ಎಂದಳು, ಕತ್ತೂ ಎತ್ತದೆ. ಮರುಕ್ಷಣ ಭೀಮರಾಜ ನಮ್ಮ ತಲೆಯ ಮೇಲೇ ಕೂತು, ಅದೇ ಗಿಡುಗನ ಕೂಗನ್ನು ಇನ್ನೊಮ್ಮೆ ಕೂಗಿ, ಯಂತ್ರಕ್ಕೆ ಮತ್ತೊಮ್ಮೆ ಗಿಡುಗ ಎನಿಸಿ, ಹಾರಿಹೋದ.

ಹಿಂಡು ದಾಟಿದ ಮೇಲೆ ಅವಳು ಪಿಸುಗುಟ್ಟಿದಳು: "ಅಂಕಲ್, ಮೇಲುಗಡೆ ಬದನಿಕೆ ಹಕ್ಕಿ. ಎಷ್ಟು ಗಲಾಟೆ ಮಾಡ್ತಿದೆ ನೋಡಿ." ನನಗೆ ಎಲೆಯಿಂದ ಎಲೆಗೆ ಹನಿ ಬೀಳುವುದಷ್ಟೇ ಕೇಳುತ್ತಿತ್ತು. ಅವಳ ಬೆರಳಿನ ದಿಕ್ಕಿನಲ್ಲಿ ದುರ್ಬೀನು ಹಿಡಿದೆ. ಮರದ ಕೊಂಬೆಗೆ ಅಂಟಿಕೊಂಡ ಬದನಿಕೆಯ ಬಳಿ ಸುಮಾರು 8 ಸೆಂಟಿಮೀಟರಿನ ಮಾಸಲು ಹಕ್ಕಿ. ಅದರ ಬದುಕೇ ಬದನಿಕೆಯ ಸುತ್ತ. ಹಣ್ಣು ತಿನ್ನುತ್ತದೆ, ಅಂಟು ಬೀಜವನ್ನು ಮತ್ತೊಂದು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ, ಅಲ್ಲೊಂದು ಹೊಸ ಬದನಿಕೆ ಹುಟ್ಟುತ್ತದೆ. ತೋಟದವರು ಶಪಿಸುತ್ತಾರೆ, ಅದು ಉಜ್ಜುತ್ತಲೇ ಇರುತ್ತದೆ.

ಅದರ ಕೊಕ್ಕು ತೆರೆಯಿತು, ಮುಚ್ಚಿತು, ತೆರೆಯಿತು. ಆಗ ಕೇಳಿಸಿತು. ಚಿಕ್, ಚಿಕ್, ಚಿಕ್. ಕೊಕ್ಕಿನ ಲಯಕ್ಕೆ ಸರಿಯಾಗಿ, ಮೂವತ್ತು ವರ್ಷದ ಹಿಂದೆ ಕೇಳಿದ ಹಾಗೇ ಚೊಕ್ಕವಾಗಿ. ದುರ್ಬೀನು ಇಳಿಸಿದೆ, ನಿಂತಿತು. ಎತ್ತಿದೆ, ಶುರುವಾಯಿತು. ಕೇಳಿ ಕಾಣುತ್ತಿದ್ದವನು ಈಗ ಕಂಡು ಕೇಳುವವನಾಗಿದ್ದೇನೆ. ಹಕ್ಕಿ ಇರುವುದು ಬೆಟ್ಟದ ಮೇಲೆ, ದನಿ ಬರುತ್ತಿರುವುದು ನನ್ನ ಹಳೇ ಉಗ್ರಾಣದಿಂದ. ಒಂದು ಅನುಕೂಲವೂ ಇದೆ: ಉಗ್ರಾಣದ ಕಾಡಿನಲ್ಲಿ ಜೀಪಿನ ಹಾರ್ನ್ ಇಲ್ಲ.

ಸಂಜೆ ವಸತಿಗೃಹದ ಜಗಲಿಯಲ್ಲಿ ಪಟ್ಟಿ ಮಾಡುವ ಶಾಸ್ತ್ರ. ನಿವೃತ್ತ ಲೆಕ್ಕಾಧಿಕಾರಿಯೊಬ್ಬರು ಪೆನ್ನು ಹಿಡಿದು ಪ್ರತಿ ಹಕ್ಕಿಗೂ "ಕಂಡದ್ದೋ, ಕೇಳಿದ್ದೋ?" ಎಂದು ಪಾಟೀಸವಾಲು ನಡೆಸಿದ್ದರು. ನಲ್ಲಿಯ ಬಳಿ ಬಾಲ ಕುಣಿಸುತ್ತಿದ್ದ ಬೂದು ಕುಂಡೆಕುಸ್ಕನ ವಿಚಾರಣೆ ತುಂಬ ಹೊತ್ತು ಹಿಡಿಯಿತು. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆಂದು ಇಷ್ಟು ದೂರ ಬಂದದ್ದಕ್ಕೆ ಇದು ಮರ್ಯಾದೆ.

ಅಷ್ಟರಲ್ಲಿ ಹುಡುಗಿ ಮೊಬೈಲ್ ತಂದಳು. ಬದನಿಕೆ ಹಕ್ಕಿಯ ದನಿ ಹಿಡಿದಿಟ್ಟಿದ್ದಳಂತೆ. ವೇಗ ಅರ್ಧಕ್ಕಿಳಿಸಿದರೆ ಸ್ಥಾಯಿಯೂ ಅರ್ಧಕ್ಕಿಳಿದು ನನ್ನ ಕಿವಿಯ ಎಟುಕಿಗೆ ಬರುತ್ತದಂತೆ. ಬಂತು. ನೆಗಡಿಯಾದ ಗುಮಾಸ್ತನ ದನಿ.

"ಇದು ಅದಲ್ಲ," ಅಂದೆ.

"ಅದೇ ಅಂಕಲ್. ನಿಧಾನ ಮಾಡಿದ್ದೀನಿ, ಅಷ್ಟೆ."

ಲೆಕ್ಕಾಧಿಕಾರಿಗಳು ಪೆನ್ನು ಎತ್ತಿ ಕಾದಿದ್ದರು. "ಬದನಿಕೆ ಹಕ್ಕಿ. ನಿಮ್ಮದು ಕಂಡದ್ದೋ, ಕೇಳಿದ್ದೋ?"

"ಎರಡೂ ಬರೀರಿ," ಅಂದೆ.

ಅವರು ಬರೆದುಕೊಂಡು, ಕುಂಡೆಕುಸ್ಕ ಒಂದಿತ್ತೋ ಎರಡಿತ್ತೋ ಎಂಬ ಜಗಳಕ್ಕೆ ಮರಳಿದರು.