ವಿಡಿಯೊ ಕರೆಯ ವಿಷಯವಾಗಿ ನಾಲ್ಕು ಮಾತು

ದೂರದಲ್ಲಿರುವ ಇಷ್ಟಜನರ ಕುಶಲವಾರ್ತೆಯನ್ನು ತಿಳಿಯಬೇಕೆಂಬ ಹಂಬಲವು ಮನುಷ್ಯನಷ್ಟೇ ಹಳೆಯದು. ಕಾಳಿದಾಸನ ಯಕ್ಷನಿಗೆ ಮೇಘವಲ್ಲದೆ ಬೇರೆ ದೂತನು ದೊರೆಯಲಿಲ್ಲ. ನಮ್ಮ ಬಾಲ್ಯದಲ್ಲಿ ಮುಂಬಯಿ ಸೊಲ್ಲಾಪುರಗಳಿಗೆ ದುಡಿಯಹೋದವರ ಕಾರ್ಡು ಬಂದರೆ, ಅದನ್ನು ಓಣಿಯವರೆಲ್ಲರೂ ಕೇಳುವಂತೆ ಓದಿಸುತ್ತಿದ್ದರು. ಮುಖವನ್ನು ಕಾಣುತ್ತ ಮಾತಾಡುವ ಯಂತ್ರವನ್ನು ೧೯೬೪ರಲ್ಲಿ ನ್ಯೂಯಾರ್ಕಿನ ಜಾಗತಿಕ ಮೇಳದಲ್ಲಿ ಪ್ರದರ್ಶಿಸಿದರು. ಆದರೆ ಅಲ್ಲಿಂದ ವಾಷಿಂಗ್ಟನ್ನಿಗೆ ೩ ನಿಮಿಷದ ಕರೆಗೆ ೧೬ ಡಾಲರು ತೆರಬೇಕಾಗಿದ್ದುದರಿಂದ ಅದು ಜನರ ಮನೆಗಳನ್ನು ಸೇರಲಿಲ್ಲ. ೨೦೧೬ರ ನವೆಂಬರಿನಲ್ಲಿ ವಾಟ್ಸಾಪಿಗೆ ವಿಡಿಯೊ ಕರೆಯು ಸೇರಿದ ಮೇಲಂತೂ, ಆ ಸೌಕರ್ಯವು ನಮ್ಮ ಹಳ್ಳಿಗಳ ಕಟ್ಟೆಯವರೆಗೂ ಬಂದಿತು.

ಸೌಕರ್ಯವೇನೋ ಬಂದಿತು, ಆದರೆ ಅದರಿಂದ ಸಂಭಾಷಣೆಯು ನಡೆಯುತ್ತಿರುವುದೇ ಎಂಬುದನ್ನು, ವಾಚಕರೇ, ತುಸು ನೆನೆದು ನೋಡಿರಿ. ತೆರೆಯ ಮೇಲೆ ಅರ್ಧ ಹಣೆ, ಅದರಾಚೆ ತಿರುಗುವ ಫ್ಯಾನು. "ಕೇಳಸ್ತದೇನ್ರಿ?" "ಕಾಣಸ್ತೀರಿ, ಕೇಳಸವಲ್ದು." "ಊಟಾ ಆತ?" ಇಷ್ಟರಲ್ಲಿಯೇ ಹತ್ತು ನಿಮಿಷಗಳು ಸಂದುಹೋಗುತ್ತವೆ. ಬಳಿಕ ನಾವು ದೋಷವನ್ನೆಲ್ಲ ನೆಟ್‌ವರ್ಕಿನ ತಲೆಗೆ ಕಟ್ಟಿ ಏಳುತ್ತೇವೆ. ನಿವೃತ್ತಿಯ ಬಿಡುವಿನಲ್ಲಿ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿಯೂ, ಹುನಗುಂದ ಇಳಕಲ್ಲುಗಳ ನಂಟರ ಮನೆಗಳಲ್ಲಿಯೂ ನಾನು ಗಮನಿಸಿ ನೋಡಿದುದೇನೆಂದರೆ, ಈ ದೋಷದಲ್ಲಿ ಅರ್ಧಪಾಲು ನಾವು ಕೂಡ್ರುವ ಮತ್ತು ಮಾತಾಡುವ ರೀತಿಯದೇ ಆಗಿರುತ್ತದೆ.

ಮೊದಲನೆಯದು ಬೆಳಕು. ಬಾದಾಮಿಯ ೩ನೆಯ ಗವಿಯನ್ನು ನೋಡಿದವರು ಇದನ್ನು ಬಲ್ಲರು. ಒಳಗೆ ನಿಂತು ಹೊರಗಿನ ಬಿಸಿಲಿನ ಕಡೆಗೆ ನೋಡಿದರೆ, ಮೊಗಸಾಲೆಯಲ್ಲಿ ನಿಂತವರು ಕಪ್ಪು ಬೊಂಬೆಗಳಂತೆ ತೋರುವರು. ಹೊರಗಿನಿಂದ ಒಳಮುಖವಾಗಿ ನೋಡಿದರೆ ಅಲ್ಲಿಯ ಶಿಲ್ಪಗಳ ಕಿರೀಟದ ಕುಸುರಿಯೂ ಎದ್ದು ಕಾಣುವುದು. ಕ್ಯಾಮೆರಾದ ಕಣ್ಣಾದರೂ ಹಾಗೆಯೇ. ಬಾಗಿಲನ್ನು ಬೆನ್ನಿಗೆ ಮಾಡಿ ಕುಳಿತರೆ ಅದು ಹಿಂದಿನ ಬೆಳಕಿಗೆ ಅಳತೆ ಹಿಡಿದು, ಮುಖವನ್ನು ಕತ್ತಲೆಗೆ ನೂಕುತ್ತದೆ. ಆದುದರಿಂದ ಬಾಗಿಲಿಗೋ ಕಿಟಕಿಗೋ ಎದುರಾಗಿ ಕೂಡ್ರತಕ್ಕದ್ದು. ರಾತ್ರಿಯಲ್ಲಿ ದೀಪವು ಮುಂದಿರತಕ್ಕದ್ದು. ಇಳಕಲ್ಲಿನ ಸೀರೆಯ ವ್ಯಾಪಾರಿಯೊಬ್ಬರು ಊರ ಹೊರಗಿನ ಗಿರಾಕಿಗಳಿಗೆ ವಿಡಿಯೊದ ಮೇಲೆ ಸೀರೆಗಳನ್ನು ತೋರಿಸುವಾಗ, ಟ್ಯೂಬ್‌ಲೈಟಿನ ಕೆಳಗಿನಿಂದೆದ್ದು ಬಾಗಿಲ ಬಳಿಗೆ ಬಂದು ಸೆರಗನ್ನು ಬಿಚ್ಚುವುದನ್ನು ಕಂಡಿದ್ದೇನೆ. ಕೆಂಪು ಸೆರಗಿನ ಬಿಳಿಯ ತೆನಿಯು ಹಗಲ ಬೆಳಕಿನಲ್ಲಿ ಮಾತ್ರವೇ ತನ್ನ ನಿಜವಾದ ಬಣ್ಣವನ್ನು ಬಿಟ್ಟುಕೊಡುತ್ತದೆಂದು ಅವರ ಅನುಭವ. ಸೀರೆಗೆ ತೋರಿಸುವ ಈ ಅಕ್ಕರೆಯನ್ನು ನಾವು ನಮ್ಮ ಮುಖಕ್ಕೆ ತೋರಿಸಬಾರದೇ?

ಫೋನನ್ನು ಕೈಯಲ್ಲಿ ಹಿಡಿಯುವುದೂ ತರವಲ್ಲ. ಕೈ ನಡುಗಿದಂತೆ ಚಿತ್ರವೂ ನಡುಗುವುದು. ನಾನು ಪುರಾಣ ಓದುವ ವ್ಯಾಸಪೀಠವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಫೋನನ್ನು ಕಣ್ಣಿನ ಮಟ್ಟಕ್ಕೆ ನಿಲ್ಲಿಸುತ್ತೇನೆ. ಗ್ರಂಥಕ್ಕೆ ಸಲ್ಲುವ ಆಸನವನ್ನು ಬಂಧುಗಳ ಮುಖಕ್ಕೆ ಕೊಟ್ಟರೆ ಅಪಚಾರವಾಗಲಾರದು.

ಎರಡನೆಯದು ಧ್ವನಿ. ಚಿತ್ರವು ಮಸುಕಾದರೂ ಮಾತು ನಡೆದೀತು. ಧ್ವನಿಯು ಮುರಿದರೆ ಎಲ್ಲವೂ ಮುರಿಯಿತು. ಕಲ್ಲಿನ ಗೋಡೆ, ಪರಸಿಯ ನೆಲ, ಬರಿಯ ಸಿಮೆಂಟಿನ ಕೋಣೆ ಇವು ಧ್ವನಿಯನ್ನು ಹಿಂದಕ್ಕೆ ಎಸೆಯುವುದರಿಂದ ಒಂದು ಮಾತಿನ ಮೇಲೆ ಇನ್ನೊಂದು ಬಿದ್ದು ಗೊಂದಲವಾಗುತ್ತದೆ. ಇದಕ್ಕೆ ನಮ್ಮ ಅಜ್ಜಿಯರು ಹೊಲಿದಿಟ್ಟ ಕೌದಿಯೇ ಮದ್ದು. ಒಂದನ್ನು ನೆಲಕ್ಕೆ ಹಾಸಿ, ಇನ್ನೊಂದನ್ನು ಗೋಡೆಗೆ ತೂಗುಬಿಟ್ಟರೆ ಪ್ರತಿಧ್ವನಿಯು ಬಹುಮಟ್ಟಿಗೆ ಅಡಗುವುದು. ಕಿವಿ ಮಂದವಾದವರಿಗೆ ಕಿವಿಗೆ ಸಿಕ್ಕಿಸುವ ಇಯರ್‌ಫೋನು ಇನ್ನೂ ಮೇಲು. ಹಳೆಯ ಟೆಲಿಫೋನಿನ ತಂತಿಯು ೩೪೦೦ ಹರ್ಟ್ಸಿನವರೆಗಿನ ಸ್ವರಗಳನ್ನಷ್ಟೇ ಒಯ್ಯುತ್ತಿತ್ತಾದುದರಿಂದ ಶಕಾರ ಸಕಾರಗಳ ಭೇದವು ಅದರಲ್ಲಿ ಅಳಿಸಿಹೋಗುತ್ತಿತ್ತು. ಇಂದಿನ ಕರೆಗಳು ಅದಕ್ಕಿಂತ ಹೆಚ್ಚನ್ನು ಒಯ್ಯಬಲ್ಲವು. ಮೇಲಾಗಿ ತುಟಿಯ ಚಲನೆಯೂ ಕಾಣುತ್ತದೆ. ಪರದೇಶದಲ್ಲಿ ಬೆಳೆಯುವ ಮೊಮ್ಮಗುವು ಕನ್ನಡವನ್ನು ಅಜ್ಜಿಯ ಬಾಯಿಂದಲೇ ಕಲಿಯಬೇಕಾಗಿರುವಾಗ ಇದು ಸಣ್ಣ ಲಾಭವಲ್ಲ.

ಪಾಣಿನೀಯ ಶಿಕ್ಷೆಯು ಅಧಮ ಪಾಠಕರ ಆರು ಲಕ್ಷಣಗಳನ್ನು ಎಣಿಸುತ್ತದೆ. ಅವಸರದಿಂದ ಓದುವುದು, ತಲೆಯಾಡಿಸುತ್ತ ಓದುವುದು, ಕ್ಷೀಣಕಂಠದಿಂದ ಓದುವುದು ಈ ಮೂರೂ ಅದರಲ್ಲಿವೆ. ಆಶ್ಚರ್ಯವೆಂದರೆ ವಿಡಿಯೊ ಕರೆಯನ್ನು ಕೆಡಿಸುವವೂ ಇವೇ. ಈ ಯಂತ್ರವು ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಕಳಿಸುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಬದಲಾದ ಭಾಗವನ್ನು ಮುಖ್ಯವಾಗಿ ಕಳಿಸುತ್ತದೆ. ಆದುದರಿಂದ ತಲೆಯಾಡಿಸಿದಷ್ಟೂ, ಹಿಂದೆ ಪರದೆ ಹಾರಾಡಿದಷ್ಟೂ ಹೊರೆಯು ಹೆಚ್ಚಿ, ದುರ್ಬಲ ನೆಟ್‌ವರ್ಕಿನಲ್ಲಿ ಮುಖವು ಚೂರುಚೂರಾಗಿ ಕಾಣುವುದು. ಸ್ಥಿರವಾಗಿ ಕುಳಿತು, ಹಿಂದೆ ಬರಿಯ ಗೋಡೆಯಿರುವಂತೆ ನೋಡಿಕೊಂಡರೆ ಅದೇ ನೆಟ್‌ವರ್ಕು ಸಾಕಾಗುತ್ತದೆ. ವೈಫೈ ಪೆಟ್ಟಿಗೆಯನ್ನು ಮೂಲೆಯ ಕಪಾಟಿನಲ್ಲಿ ಅಡಗಿಸದೆ ಮನೆಯ ನಡುವೆ ಎತ್ತರದಲ್ಲಿಡಬೇಕು. ಅದರ ೫ ಗಿಗಾಹರ್ಟ್ಸಿನ ಅಲೆಯು ವೇಗವಾದುದು, ಆದರೆ ದಪ್ಪ ಗೋಡೆಗೆ ಸೋಲುತ್ತದೆ, ೨.೪ರ ಅಲೆಯು ಗೋಡೆಯನ್ನು ಹೆಚ್ಚಾಗಿ ದಾಟುತ್ತದೆ. ಏನು ಮಾಡಿದರೂ ಮಾತು ಕಡಿಯುತ್ತಿದ್ದರೆ, ಚಿತ್ರವನ್ನು ನಿಲ್ಲಿಸಿ ಮಾತನ್ನು ಉಳಿಸಿಕೊಳ್ಳುವುದು ಜಾಣತನ.

ಕೊನೆಯದು ತಾಳ್ಮೆ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಓಡುವುದು. ಅಮೇರಿಕವು ನಮಗೆ ೧೨–೧೪ ಸಾವಿರ ಕಿಲೋಮೀಟರು ದೂರ. ತಂತಿಯ ದಾರಿಯೋ ಸುತ್ತುಬಳಸು. ನಡುವಿನ ಯಂತ್ರಗಳ ವಿಳಂಬವೂ ಅದಕ್ಕೆ ಸೇರುವುದು. ಒಮ್ಮುಖವಾಗಿ ೧೫೦ ಮಿಲಿಸೆಕೆಂಡುಗಳೊಳಗಿನ ವಿಳಂಬವು ಮಾತಿಗೆ ತೊಡಕಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಘವು ಗೊತ್ತುಮಾಡಿದೆ. ಅದನ್ನು ಮೀರಿದರೆ ಇಬ್ಬರೂ ಒಮ್ಮೆಲೇ ಮಾತಾಡಿ, ಒಮ್ಮೆಲೇ ಸುಮ್ಮನಾಗುವರು. ಆ ಕಡೆಯವರ ಮಾತು ಮುಗಿದ ಮೇಲೆ ಮನಸ್ಸಿನಲ್ಲಿ ಎರಡು ಎಣಿಸಿ ಉತ್ತರಿಸುವುದೇ ಇದಕ್ಕೆ ಪರಿಹಾರ.

ಇಷ್ಟೊಂದು ಉಪಚಾರವೇಕೆ ಎನ್ನುವವರಿಗೆ ಒಂದು ಸಂಗತಿಯನ್ನು ಹೇಳುವೆನು. ಹುನಗುಂದದಲ್ಲಿರುವ ನನ್ನ ಅಕ್ಕನಿಗೆ ಎಪ್ಪತ್ತು ದಾಟಿದೆ, ಕಿವಿ ಮಂದ. ಅಮೇರಿಕದಲ್ಲಿರುವ ಮಗನ ಕರೆ ಬಂದಾಗ, "ನನಗೇನೂ ಕೇಳಸೂದಿಲ್ಲ, ನೀವs ಮಾತಾಡ್ರಿ" ಎಂದು ಅಡಿಗೆಮನೆಗೆ ಎದ್ದುಹೋಗುತ್ತಿದ್ದಳು. ನಮ್ಮ ಬೆಳಗು ಅವನ ರಾತ್ರಿಯಾದುದರಿಂದ, ಅವನು ಕತ್ತಲೆಯ ಕೋಣೆಯಲ್ಲಿ ಒರಗಿಕೊಂಡು ಮಾತಾಡುತ್ತಿದ್ದನು. ಕಳೆದ ಶ್ರಾವಣದಲ್ಲಿ ನಾನು ಅಲ್ಲಿಗೆ ಹೋದಾಗ ಪಡಸಾಲೆಯಲ್ಲಿ ಬಾಗಿಲಿಗೆದುರಾಗಿ ಅಕ್ಕನನ್ನು ಕೂಡ್ರಿಸಿ, ಕೌದಿ ಹಾಸಿ, ಕಿವಿಗೆ ಇಯರ್‌ಫೋನು ಇಟ್ಟೆನು. ಅಳಿಯನಿಗೂ ಎದುರಿಗೆ ದೀಪವಿಟ್ಟುಕೊಂಡು ನೆಟ್ಟಗೆ ಕೂಡ್ರಲು ಹೇಳಿದೆನು. ಅಕ್ಕ ಅವನ ಮುಖವನ್ನು ಕ್ಷಣಕಾಲ ನೋಡಿ, "ಯಾಕಪ್ಪಾ, ಇಷ್ಟ್ಯಾಕ ಸೊರಗೀದಿ?" ಎಂದು ಕೇಳಿದಳು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, ನೌಕರಿ ಹೋಗಿ ಎರಡು ತಿಂಗಳಾಯಿತೆಂಬುದನ್ನು ತಿಳಿಸಿದನು. ಅಲ್ಲಿಯವರೆಗೆ ಪ್ರತಿವಾರವೂ ನಮಗೆಲ್ಲರಿಗೂ "ಆರಾಮ ಇದ್ದೇನಿ" ಎಂದೇ ಹೇಳಿದ್ದನು, ನಾವೂ ನಂಬಿದ್ದೆವು. ಅಕ್ಕ ಅಳಲಿಲ್ಲ. "ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ಮನಿ ಅದ, ಎಲ್ಲಿಗೂ ಹೋಗಿಲ್ಲ" ಎಂದಳು. ಅಂದಿನಿಂದ ಅವನು ತಾಯಿಗೆಂದೇ ದಿನಾಲು ಕರೆ ಮಾಡಹತ್ತಿದನು. ನೌಕರಿಯು ಮುಂದೆ ದೊರೆಯಿತು. ಆ ರೂಢಿಯು ನಿಲ್ಲಲಿಲ್ಲ.

ಮಸುಕಿನ ತೆರೆಯಲ್ಲಿ ಮಕ್ಕಳು ತಮ್ಮ ದುಃಖವನ್ನು ಮುಚ್ಚಿಡಬಲ್ಲರು. ಮುದುಕರು ತಮ್ಮ ಒಂಟಿತನವನ್ನು ಮುಚ್ಚಿಡಬಲ್ಲರು. ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೇ: ಮುಂದಿನ ಕರೆ ಬರುವ ಮುನ್ನ ಬಾಗಿಲನ್ನು ತೆರೆಯಿರಿ, ಫ್ಯಾನನ್ನು ತುಸು ನಿಲ್ಲಿಸಿರಿ, ಕೌದಿಯನ್ನು ಹಾಸಿರಿ, ಮನೆಯಲ್ಲಿ ಯಾರಿಗೆ ಎಲ್ಲರಿಗಿಂತ ಕಡಿಮೆ ಕೇಳಿಸುವುದೋ ಅವರನ್ನು ಎಲ್ಲರಿಗಿಂತ ಮುಂದೆ ಕೂಡ್ರಿಸಿರಿ.