ಗೋಕಾಕದ ಗೊಂಬೆ, ಕೌಜಲಗಿಯ ವೀಳ್ಯ

ಪರಂಪರೆಯ ಕಸುಬು, ಆಟ, ಅಡುಗೆಗಳನ್ನೇ ಬಂಡವಾಳವಾಗಿಸಿಕೊಂಡು ಒಂದು ಸಮುದಾಯ ಬದುಕು ಕಟ್ಟಿಕೊಳ್ಳುವುದನ್ನು ಈಚಿನ ಅಧ್ಯಯನಗಳು ಸಾಂಸ್ಕೃತಿಕ ಉದ್ಯಮಶೀಲತೆ ಎಂದು ಕರೆಯುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಹೆಸರು ಹೊಸದು, ವ್ಯವಹಾರ ಹಳೆಯದು. ಕರದಂಟಿನ ಅಂಗಡಿಯ ಮುಂದೆ ನಿಂತ ಕಾಲೇಜು ಹುಡುಗರು ಗೋಕಾಕದ ಗೊಂಬೆ ಎಂದರೇನು ಎಂದು ಕೇಳುವ ಕಾಲ ಬಂದಿರುವುದರಿಂದ, ಅದನ್ನು ಕಣ್ಣಾರೆ ಕಂಡ ತಲೆಮಾರಿನ ನೆನಪು ಬರಹಕ್ಕೆ ಇಳಿಯಬೇಕಾಗಿದೆ. ಹಗುರ ಮರದಿಂದಲೂ ಊರ ಸುತ್ತ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಇಲ್ಲಿ ಮನುಷ್ಯರೂಪಗಳನ್ನು, ಹಣ್ಣುಗಳನ್ನು ಮಾಡುತ್ತಾರೆಂದು ಬ್ರಿಟಿಷರ ಕಾಲದ ಗ್ಯಾಸೆಟಿಯರ್ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ಹಿರಿಯರ ನೆನಪು ಅಷ್ಟಕ್ಕೆ ಮುಗಿಯುವುದಿಲ್ಲ.

ಗೊಂಬೆ ಮಾಡುವ ಜೀನಗಾರರ ಓಣಿಯನ್ನು ಬಲ್ಲವರು ಮೊದಲು ನೆನೆಯುವುದು ಕುದಿಸಿದ ಹುಣಸೆಬೀಜದ ಅಂಟಿನ ವಾಸನೆಯನ್ನು. ಸುಖವಾದ ವಾಸನೆಯೇನಲ್ಲ, ಆದರೆ ಮರದ ಪುಡಿ, ಹಸಿ ಬಣ್ಣಗಳ ವಾಸನೆಯೊಡನೆ ಬೆರೆತು ಅದು ಬಟ್ಟೆಗೂ ಗೋಡೆಗೂ ಹತ್ತಿಕೊಳ್ಳುತ್ತಿತ್ತು. ಆ ಓಣಿಯ ಒಬ್ಬ ಮುದಿ ಕುಶಲಿ ಮಾವಿನಹಣ್ಣಿಗೆ ಬಣ್ಣ ಕೊಡುವಾಗ, ಹಳದಿ ಮುಗಿದು ಕೆಂಪು ತೊಡಗುವ ಗೆರೆಯೇ ಕಾಣದಂತೆ ಕುಂಚ ಎಳೆಯುತ್ತಿದ್ದನೆಂದೂ, ಅತಿ ನುಣುಪಾದ ಹಣ್ಣು ಸುಳ್ಳು ಹಣ್ಣೆನ್ನುತ್ತ ತೊಟ್ಟಿನ ಬಳಿ ಬೇಕೆಂದೇ ಒಂದು ಕರಿಕಲೆ ಇಡುತ್ತಿದ್ದನೆಂದೂ ಹೇಳುತ್ತಾರೆ. ಅಂಟು ಅರೆದು ಕಾಸಿ, ಬಿಸಿಲಿಗೆ ಒಣಗಿಸಿ ಕೊಡುತ್ತಿದ್ದ ಮನೆಯ ಹೆಂಗಸರ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಕಾಲವನ್ನು ಕೊಂಡಾಡುವವರು ಇದನ್ನೂ ಹೇಳಬೇಕು.

ಇದೇ ಸೀಮೆಯ ಕುಲಗೋಡ, ಕೌಜಲಗಿಗಳಲ್ಲಿ ಬಂಡವಾಳವಾಗಿದ್ದುದು ಶ್ರೀಕೃಷ್ಣ ಪಾರಿಜಾತ, ಎಂದರೆ ಕೃಷ್ಣ, ಸತ್ಯಭಾಮೆ, ರುಕ್ಮಿಣಿಯರ ಕಥೆಯನ್ನು ಹಾಡು ಮಾತುಗಳಲ್ಲಿ ಬೆಳತನಕ ಆಡುವ ಸಣ್ಣಾಟ. ಕುಲಗೋಡ ತಮ್ಮಣ್ಣನು ಅದಕ್ಕೆ ಆಟದ ರೂಪ ಕೊಟ್ಟನೆಂಬುದು ಈ ಭಾಗದ ನಂಬಿಕೆ. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದ ಹೆಸರಾಂತ ಕಲಾವಿದೆ. ಮೇಳವನ್ನು ಕರೆಯುವವರು ಎಲೆ ಅಡಿಕೆಯೊಡನೆ ಸಂಚಕಾರ, ಅಂದರೆ ಮುಂಗಡ ಹಣ, ಇಡುತ್ತಿದ್ದರು, ಇದೇ ವೀಳ್ಯ. ರೊಕ್ಕವೆಷ್ಟು, ಜೋಳವೆಷ್ಟು, ಚಕ್ಕಡಿ ಯಾರದು, ಊಟ ಯಾರ ಮನೆಯದು ಎಂದು ಇಳಿಹೊತ್ತಿನವರೆಗೂ ಎಳೆದಾಡಿ, ಎದ್ದು ಹೊರಟಂತೆ ನಟಿಸಿ, ಮತ್ತೆ ಕುಳಿತು ಕುದುರಿಸಿದ ಮೇಲೆ ಕಾಗದವಿಲ್ಲದೆಯೇ ಮಾತು ನಿಲ್ಲುತ್ತಿತ್ತು, ಏಕೆಂದರೆ ವೀಳ್ಯ ಹಿಡಿದು ತಪ್ಪಿದ ಮೇಳವನ್ನು ಮರುವರ್ಷ ಯಾವ ಊರೂ ಕರೆಯುತ್ತಿರಲಿಲ್ಲ. ಆದರೆ ರಾತ್ರಿ ಭಾಮೆಯಾಗಿ ಆಯಾರ, ಅಂದರೆ ಉಡುಗೊರೆ, ಪಡೆದ ಹೆಣ್ಣಿಗೆ ಹಗಲಿನಲ್ಲಿ ಅದೇ ಊರು ಅದೇ ಮರ್ಯಾದೆ ಕೊಡುತ್ತಿರಲಿಲ್ಲ.

ಇಂಥ ಕಸುಬು, ಆಟಗಳ ಬೆನ್ನಿಗೆ ನಿಲ್ಲಬಹುದಾಗಿದ್ದ ಒಟ್ಟುಗೂಡುವ ವಿದ್ಯೆ ಈ ಸೀಮೆಗೆ ತಿಳಿಯದ್ದಲ್ಲ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ದೇಶದ ಮೊದಲ ಐದು ಇಂಥ ಸಂಘಗಳಲ್ಲಿ ಒಂದಾಗಿ ಹೊಲಗಳಿಗೆ ವಿದ್ಯುತ್ತು ಒದಗಿಸಿತು. ಸಂಕೇಶ್ವರದಲ್ಲಿ ಕಬ್ಬು ಬೆಳೆಗಾರರು ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಭೂಮಿಯಿದ್ದವರ ಬೆನ್ನಿಗೆ ನಿಂತ ಆ ಬಲ ಬಣ್ಣದ ಕುಂಚ ಹಿಡಿದವರ ಬೆನ್ನಿಗೆ ಅದೇ ಪ್ರಮಾಣದಲ್ಲಿ ನಿಲ್ಲಲಿಲ್ಲ. ಕರದಂಟು ಮಾತ್ರ ದಾರಿ ಕಂಡುಕೊಂಡಿತು: ತುಪ್ಪದಲ್ಲಿ ಕರಿದ ತಿನ್ನುವ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲಗಳು ಕೂಡಿದ ಬಾಣಂತಿಯರ, ಪೈಲ್ವಾನರ ಈ ತಿನಿಸು ಡಬ್ಬಿಯೇರಿ, ಊರಿನ ಹೆಸರನ್ನೇ ಗುರುತಾಗಿಸಿಕೊಂಡು ದೂರದ ಪೇಟೆಗಳನ್ನು ಸೇರಿತು. ಬಹಳ ದಿನ ಕೆಡದೆ ಉಳಿಯುವ ಗುಣ ಅದಕ್ಕೆ ನೆರವಾಯಿತು; ಗೊಂಬೆ ಅದಕ್ಕಿಂತಲೂ ಹೆಚ್ಚು ಬಾಳುತ್ತಿತ್ತು, ಆದರೆ ಪ್ಲಾಸ್ಟಿಕ್ಕಿನ ಬೆಲೆಗೆ ಅದನ್ನು ಮಾರಲಾಗಲಿಲ್ಲ.

ಚನ್ನಪಟ್ಟಣ, ಕಿನ್ನಾಳಗಳ ಗೊಂಬೆಗಳು ಭೌಗೋಳಿಕ ಸೂಚಕ, ಅಂದರೆ ಒಂದು ಊರಿನ ಸರಕಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ, ಪಡೆದಿವೆ. ರಕ್ಷಣೆಯೊಂದೇ ಹೊಟ್ಟೆ ತುಂಬಿಸದು. ವರ್ಷವರ್ಷವೂ ಕೊಳ್ಳುವವರು ಬೇಕು. ಉತ್ಸವಗಳಲ್ಲಿ ಪಾರಿಜಾತಕ್ಕೆ ಅರ್ಧ ಗಂಟೆ ಕೊಟ್ಟು, ಶಾಲು ಹೊದಿಸಿ, ಸಂಭಾವನೆಯನ್ನು ತಿಂಗಳುಗಟ್ಟಲೆ ತಡೆಹಿಡಿಯುವ ಪದ್ಧತಿಗೆ ಪ್ರೋತ್ಸಾಹ ಎಂಬ ಹೆಸರಿದೆ. ಅಂಗನವಾಡಿಗಳಲ್ಲಿ ಮಾವು, ಪೇರಲ, ಬದನೆಗಳನ್ನು ಗುರುತಿಸಲು ಮಕ್ಕಳ ಕೈಗೆ ಬರುವುದು ಎಲ್ಲಿಯೋ ಅಚ್ಚು ಹಾಕಿದ ಪ್ಲಾಸ್ಟಿಕ್ ಮಾದರಿಗಳು. ಅವನ್ನು ಗೋಕಾಕದಲ್ಲಿ ಮಾಡಿಸಿಕೊಳ್ಳುವ ಒಂದು ಖರೀದಿ ಆದೇಶ ಹೊರಟರೆ ಸಾಕು, ಓಣಿಯಲ್ಲಿ ಅಂಟು ಮತ್ತೆ ಕುದಿಯುವುದು, ಈ ಸಲ ಅದನ್ನು ಕುದಿಸುವ ಹೆಂಗಸಿಗೂ ಕೂಲಿ ಕೊಡಬೇಕಾದೀತು.