ಹಿತ್ತಿಲ ಲೆಕ್ಕ

'ಹಿತ್ತಿಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಗಾದೆಯವನ ಹಿತ್ತಿಲಿನಲ್ಲಿ ಒಂದು ಗಿಡವಾದರೂ ಇತ್ತು. ನಮ್ಮ ಹಿತ್ತಿಲಿನಲ್ಲಿ ಇದ್ದದ್ದು ಎದೆಯೆತ್ತರದ ಹುಲ್ಲು, ಅದನ್ನು ಅಪ್ಪಿದ ಕಾಡುಬಳ್ಳಿ, ಕಾಲಿಟ್ಟಲ್ಲೆಲ್ಲ ಮುಟ್ಟಿದರೆ ಮುನಿ. ಇವೆಲ್ಲದರ ಮೇಲೆ ಎರಡು ವರ್ಷಗಳಿಂದ ಬಿದ್ದಲ್ಲಿಯೇ ಕೊಳೆಯುತ್ತಿದ್ದ ತೆಂಗಿನ ಮಡಲು. ಕೇರೆ ಹಾವೊಂದು ಆ ರಾಜ್ಯವನ್ನು ನಿರಾತಂಕವಾಗಿ ಆಳುತ್ತಿತ್ತು.

ಮನೆ ಇರುವುದು ಕಾಪು ತಾಲೂಕಿನ ಶಂಕರಪುರದ ಬಳಿ. ಅಜ್ಜನ ಕಾಲದ ಮುರಕಲ್ಲಿನ ಗೋಡೆ, ಹಂಚಿನ ಮಾಡು. ನಾನು ಕಾರ್ಕಳದ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕ. ಶನಿವಾರ ಸಂಜೆ ಬೆಳ್ಮಣ್ಣು, ಶಿರ್ವಗಳ ದಾರಿಯಾಗಿ ಬಸ್ಸಿನಲ್ಲಿ ಬಂದು ಸೋಮವಾರ ಬೆಳಗ್ಗೆ ಹೊರಡುವ ವಾರದ ಮಗ. ಮನೆಯಲ್ಲಿ ಇರುವವಳು ಅಮ್ಮನೊಬ್ಬಳೇ.

ಶಂಕರಪುರವೆಂದೊಡನೆ ವಾಚಕರಿಗೆ ಮಲ್ಲಿಗೆಯ ನೆನಪಾದೀತು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯ ತವರು ಇದು. ಹೊರಗಿನವರು ಪರಿಮಳವನ್ನು ಹೊಗಳುತ್ತಾರೆ. ಊರಿನವರು ಲೆಕ್ಕವನ್ನು ಹೇಳುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಂದರೆ ಅಟ್ಟೆಯೊಂದಕ್ಕೆ 3,200 ಮೊಗ್ಗು. ಮುಂಜಾನೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮೊದಲೇ ಕಟ್ಟೆಗೆ ಮುಟ್ಟಿಸಬೇಕು. ಮದುವೆಗಳ ತಿಂಗಳಲ್ಲಿ ಸಾವಿರ ರೂಪಾಯಿ ದಾಟುವ ಅಟ್ಟೆಯ ಧಾರಣೆ ಹೂವು ಹೆಚ್ಚಾದ ದಿನ ಪಾತಾಳಕ್ಕೆ ಇಳಿಯುವುದೂ ಉಂಟು. ಈ ಸೀಮೆಯ ಎಷ್ಟೋ ಮಕ್ಕಳ ಶಾಲೆಯ ಶುಲ್ಕವನ್ನು ತಾಯಂದಿರು ಆ ನಾರಿನಲ್ಲಿಯೇ ಕಟ್ಟಿದ್ದಾರೆ. ನಾನೂ ಅಂಥ ಮಕ್ಕಳಲ್ಲಿ ಒಬ್ಬ. ನಮ್ಮ ಹಿತ್ತಿಲಿನಲ್ಲಿ ಮೂವತ್ತೈದು ಗಿಡಗಳಿದ್ದುವು. ಮಂಗಳಗಂಗೋತ್ರಿಯಲ್ಲಿ ನಾನು ಪಂಪನನ್ನೂ ಕುಮಾರವ್ಯಾಸನನ್ನೂ ಓದಿದ್ದು ಆ ಮೂವತ್ತೈದು ಗಿಡಗಳ ಖರ್ಚಿನಲ್ಲಿ.

2020ರ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಮದುವೆಗಳು ನಿಂತುವು, ದೇವಸ್ಥಾನಗಳು ಮುಚ್ಚಿದುವು, ಹೂವು ಕೊಳ್ಳುವವರು ಇಲ್ಲವಾದರು. ಕಟ್ಟೆ ಮರಳಿ ತೆರೆದ ಮೇಲೂ ಅಮ್ಮ ಹಿತ್ತಿಲಿಗೆ ಇಳಿಯಲಿಲ್ಲ. ಕೇಳಿದರೆ ಸೊಂಟದ ನೋವೆಂದು ಮಣಿಪಾಲದ ವೈದ್ಯರ ಚೀಟಿಯನ್ನು ತೋರಿಸುತ್ತಿದ್ದಳು. ಎರಡು ಮಳೆಗಾಲಗಳಲ್ಲಿ ಕಾಡು ಬಂದು ಬಚ್ಚಲಿನ ಗೋಡೆಯನ್ನು ಮುಟ್ಟಿತು.

ನನ್ನನ್ನು ಓದಿಸಿದ ತೋಟ ನನ್ನ ಕಣ್ಣೆದುರಿಗೇ ಹಾಳಾಗುವುದೇ? 2022ರ ಬೇಸಿಗೆಯ ರಜೆಯಲ್ಲಿ ಹಠ ಹುಟ್ಟಿತು. ಕತ್ತಿ, ಹಾರೆ, ಪಿಕ್ಕಾಸುಗಳನ್ನು ಅಟ್ಟದಿಂದ ಇಳಿಸಿದೆ. ಛಂದಸ್ಸನ್ನು ಕಲಿಸುವ ಕೈಗೆ ಪಿಕ್ಕಾಸಿನ ಲಯ ಒಗ್ಗಲಿಲ್ಲ. ಮೊದಲ ದಿನವೇ ಅಂಗೈಯಲ್ಲಿ ನಾಲ್ಕು ಬೊಕ್ಕೆಗಳೆದ್ದುವು. ಮಡಲನ್ನೂ ತರಗೆಲೆಯನ್ನೂ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ಉರಿಯುವಂತೆ ಬೆಂಕಿಯಿಟ್ಟು ಸುಡುಮಣ್ಣು ಮಾಡಿದೆ. ಅಮ್ಮ ಹಿಂಬಾಗಿಲಿನ ಮೆಟ್ಟಿಲಿನಲ್ಲಿ ಕುಳಿತು ಎಲ್ಲವನ್ನೂ ನೋಡಿದಳು. ಒಳ್ಳೆಯದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಅದು ಒಪ್ಪಿಗೆಯೆಂದೇ ನಾನು ತಿಳಿದೆ.

ಮೇ ತಿಂಗಳ ಕೊನೆಗೆ ಒಂದು ದಿನ ಆಟೋರಿಕ್ಷಾದಲ್ಲಿ ಮೂವತ್ತು ಮಲ್ಲಿಗೆಯ ಸಸಿಗಳನ್ನು ಹೇರಿಕೊಂಡು ಬಂದೆ. ಅವಳ ಮುಖ ಅರಳುವುದನ್ನು ಕಾಣುವ ಆಸೆ.

ಅಮ್ಮ ಸಸಿಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಇದನ್ನು ಎಲ್ಲಿಂದ ತಂದಿಯೋ ಅಲ್ಲಿಗೇ ಕೊಟ್ಟು ಬಾ" ಎಂದಳು. ಅವಳ ತುಳುವನ್ನು ನಾನು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಮೂಲದ ಖಾರ ಇದರಲ್ಲಿಲ್ಲ.

"ಯಾಕಮ್ಮ? ನಿನ್ನ ತೋಟವಲ್ಲವೆ?"

"ತೋಟ ನಿನಗೆ, ಮಗ. ನೀನು ಎದ್ದು ಬರುವಾಗ ಜಗಲಿಯಲ್ಲಿ ಪರಿಮಳ ಇರುತ್ತಿತ್ತು. ನಾನು ನಾಲ್ಕು ಗಂಟೆಗೆ ಟಾರ್ಚು ಹಿಡಿದು ಬಗ್ಗಿದವಳು. ನನಗೆ ಪರಿಮಳ ಎಲ್ಲಿ ಗೊತ್ತು? ಎಂಟುನೂರು ಆಯಿತಾ, ಇನ್ನೆಷ್ಟು ಬೇಕು, ಅಷ್ಟೇ ಗೊತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: "ಆ ವರ್ಷ ಯಾರೂ ತೆಗೆದುಕೊಳ್ಳಲಿಲ್ಲವಲ್ಲ, ಮೊಗ್ಗನ್ನು ಗಿಡದಲ್ಲಿಯೇ ಬಿಟ್ಟೆ. ಸಂಜೆ ಬಾವಿಗೆ ಹೋದರೆ ಹಿತ್ತಿಲು ಇಡೀ ಬೆಳ್ಳಗೆ! ಕಣ್ತಪ್ಪಿ ಉಳಿದ ಒಂದೆರಡು ಹೂವು ಅರಳುವುದು ಬೇರೆ. ಹಿತ್ತಿಲಿಗೆ ಹಿತ್ತಿಲೇ ಅರಳಿದ್ದನ್ನು ನಾನು ಮೂವತ್ತು ವರ್ಷದಲ್ಲಿ ಕಂಡದ್ದು ಅದೇ ಮೊದಲು. ಕೊಡವನ್ನು ಕೆಳಗಿಟ್ಟು ಅಲ್ಲಿಯೇ ಕುಳಿತುಬಿಟ್ಟೆ. ಆಮೇಲೆ ಕೊಯ್ಯಲು ಕೈ ಬರಲಿಲ್ಲ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮಲ್ಲಿಗೆಯ ವರ್ಣನೆ ಬರುವ ಪದ್ಯಗಳನ್ನು ಎಷ್ಟೋ ವರ್ಷ ಪಾಠ ಹೇಳಿದವನು ನಾನು. ಮಲ್ಲಿಗೆ ಅರಳುವುದು ಸಂಜೆಗೆ, ಅಮ್ಮ ಅದನ್ನು ಕೊಯ್ಯುವುದು ಮುಂಜಾನೆ. ಇಷ್ಟನ್ನು ಒಂದು ಕಡೆ ಇಟ್ಟು ನೋಡುವ ಬುದ್ಧಿ ನನಗೆ ಬಂದಿರಲಿಲ್ಲ. ಸಸಿಗಳನ್ನು ನೆರೆಮನೆಯ ದೊಡ್ಡಮ್ಮನಿಗೆ ಕೊಟ್ಟೆ. ಅವರಿಗೆ ಸೊಸೆಯಿದ್ದಾಳೆ. (ಆ ಸೊಸೆಯ ಸೊಂಟದ ಯೋಚನೆ ನನಗೆ ಆ ರಾತ್ರಿ ಬಂತು. ಆದರೆ ಸಸಿ ಆಗಲೇ ನೆಲ ಸೇರಿತ್ತು.)

"ಹಾಗಾದರೆ ಏನು ನೆಡಲಿ?" ಎಂದು ಮರುದಿನ ಕೇಳಿದೆ. "ತಿನ್ನುವಂಥದ್ದು" ಎಂದಳು.

ಅಲ್ಲಿಂದ ಹಿತ್ತಿಲು ಅವಳ ಅಪ್ಪಣೆಯಂತೆ ನಡೆಯಿತು. ಮೊದಲ ವರ್ಷ ಅಪ್ಪಣೆ ಮೀರಿ ಸಮತಟ್ಟಾದ ಪಾತಿಗಳಲ್ಲಿ ಬೆಂಡೆಯ ಬೀಜ ಬಿತ್ತಿದೆ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಜೂನಿನ ಎರಡನೆಯ ವಾರಕ್ಕೆ ನನ್ನ ಪಾತಿ, ಬೀಜ, ಸುಡುಮಣ್ಣು ಎಲ್ಲವೂ ಗದ್ದೆಯ ಬದಿಯ ತೋಡನ್ನು ಸೇರಿದ್ದುವು. ಅಮ್ಮ ನಕ್ಕಳು, ಬಹಳ ದಿನಗಳ ಮೇಲೆ ಅವಳು ಹಾಗೆ ನಕ್ಕದ್ದು. ಮಳೆಗಾಲದ ಗಿಡಕ್ಕೆ ಮಣ್ಣನ್ನು ಏರಿ ಮಾಡಿ ಎತ್ತರದಲ್ಲಿ ನೆಡಬೇಕೆಂಬುದು ಎಂ.ಎ. ತರಗತಿಯಲ್ಲಿ ಬಂದಿರಲಿಲ್ಲ.

ಮರುವರ್ಷ ಬಚ್ಚಲ ನೀರು ಹರಿಯುವಲ್ಲಿ ಬಸಳೆಯ ಚಪ್ಪರವೆದ್ದಿತು. ಬಾವಿಕಟ್ಟೆಯ ಬಳಿ ಕೆಸು, ಬೇಲಿಗೆ ತೊಂಡೆ, ಏರಿಯ ಮೇಲೆ ಹರಿವೆ, ಅಲಸಂಡೆ. ಮಳೆ ಹಿಂದೆ ಸರಿದ ಮೇಲೆ ಗುಳ್ಳದ ಸಸಿ ತಂದೆ. ಮಟ್ಟುಗುಳ್ಳದ ಊರು ಮಟ್ಟು ನಮಗೆ ದೂರವಲ್ಲ; ಕಟಪಾಡಿ ದಾಟಿ ಕಡಲಿನ ಕಡೆಗೆ ಹೋದರೆ ಸಿಗುತ್ತದೆ. ಅದರ ಬೀಜವನ್ನು ವಾದಿರಾಜ ಯತಿಗಳು ಮಟ್ಟುವಿನವರಿಗೆ ಕೊಟ್ಟರೆಂಬುದು ಐತಿಹ್ಯ. 2011ರಲ್ಲಿ ಅದಕ್ಕೂ ಭೌಗೋಳಿಕ ಗುರುತು ದೊರೆಯಿತು. ಬೇರೆ ಮಣ್ಣಿನಲ್ಲಿ ಆ ರುಚಿ ಬಾರದೆಂದು ಅಲ್ಲಿನವರು ಹೇಳುವುದನ್ನು ನಾನು ಊರಭಿಮಾನವೆಂದು ತಳ್ಳಿಹಾಕಿದ್ದೆ. ನಮ್ಮ ಕೆಂಪು ಮಣ್ಣಿನಲ್ಲಿ ಗುಳ್ಳ ದುಂಡಗೆ, ತಿಳಿಹಸುರಾಗಿ, ನೋಡುವಂತೆ ಕಾಯಿ ಬಿಟ್ಟಿತು. ಹುಳಿ ಮಾಡಿ ಬಡಿಸಿದ ಅಮ್ಮ ಒಂದು ತುತ್ತು ಬಾಯಿಗಿಟ್ಟು, "ಬದನೆ ಒಳ್ಳೆಯದುಂಟು" ಎಂದಳು. ಗುಳ್ಳವೆನ್ನಲಿಲ್ಲ.

ಈಗ ಶನಿವಾರ ನಾನು ಬಸ್ಸಿಳಿದು ಬರುವಾಗ ಅವಳು ಹಿತ್ತಿಲಿನಲ್ಲಿಯೇ ಇರುತ್ತಾಳೆ. ಸೊಂಟದ ನೋವು ಹೋಗಿಲ್ಲ. ಬಗ್ಗುವ ಕೆಲಸ ನನ್ನ ಪಾಲಿಗೆ. ಕೋಲು ಹಿಡಿದು ಹುಳು ತೋರಿಸುವುದು ಅವಳ ಪಾಲಿಗೆ.

ಕಾಡು ಸವರಿದಾಗ ಹಳೆಯ ಮಲ್ಲಿಗೆಯ ಬುಡವೊಂದು ಬಾವಿಯ ಹಿಂದೆ ಉಳಿದುಕೊಂಡಿತ್ತು. ನಾನು ಅದನ್ನು ಕೀಳಲೂ ಇಲ್ಲ, ಅಮ್ಮನಿಗೆ ಹೇಳಲೂ ಇಲ್ಲ. ಅದು ತಾನಾಗಿಯೇ ಚಿಗುರಿ ಹರಡಿತು. ಕಳೆದ ಏಪ್ರಿಲಿನ ಒಂದು ಸಂಜೆ ನೋಡುತ್ತೇನೆ, ಅಮ್ಮ ಅದರೆದುರು ಮಣೆ ಹಾಕಿಕೊಂಡು ಕುಳಿತಿದ್ದಾಳೆ. ಗಿಡದಲ್ಲಿ ನಲವತ್ತೋ ಐವತ್ತೋ ಮೊಗ್ಗು. ದೇವರ ಪಟಕ್ಕೆ ನಾಲ್ಕು ಕೊಯ್ಯಲೆಂದು ಕೈ ಚಾಚಿದೆ.

"ಇರಲಿ ಬಿಡು. ಗಂಟೆ ಎಷ್ಟಾಯಿತು?"

"ಆರು ಕಾಲು."

"ಇನ್ನು ಸ್ವಲ್ಪ ಹೊತ್ತುಂಟು" ಎಂದು ಮಣೆಯಲ್ಲಿ ಸರಿದು ನನಗೂ ಜಾಗ ಮಾಡಿಕೊಟ್ಟಳು.